ಮೋಡದ ಬುಡ ಎಷ್ಟು ಎತ್ತರ? – ಮನೆಯಂಗಳದಿಂದಲೇ ಅಳೆಯುವ ಕ್ರಮ



ಕಾಫಿ ಒಣಗಿಸುವುದು, ಚಾಲಿ ಅಡಿಕೆ ಹರಡುವುದು, ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು, ಇವೆಲ್ಲವೂ ಮುಗಿಲನ್ನು ನೋಡಿಕೊಂಡು ಮಾಡುವ ಕೆಲಸಗಳು. ಮುಗಿಲನ್ನು ನೋಡುವುದರಲ್ಲಿ ನಮ್ಮ ಹಿರಿಯರಿಗೆ ಇದ್ದ ಪಳಗಿದ ಕಣ್ಣು ಸಾಮಾನ್ಯವಾದುದಲ್ಲ. ಆದರೆ ಕಣ್ಣಿನ ಅಂದಾಜನ್ನು ಬರೆದಿಡುವುದು ಕಷ್ಟ. ನಿನ್ನೆಯ ಮೋಡಕ್ಕಿಂತ ಇಂದಿನ ಮೋಡ ತಗ್ಗಿನಲ್ಲಿದೆಯೇ, ಇದ್ದರೆ ಎಷ್ಟು ತಗ್ಗು ಎಂಬುದನ್ನು ಅಂಕಿಯಲ್ಲಿ ಹೇಳಲು ಸಾಧ್ಯವಾದರೆ ಮಾತ್ರ ಅದನ್ನು ಇನ್ನೊಂದು ದಿನದ, ಇನ್ನೊಂದು ವರ್ಷದ ಅಂಕಿಯೊಡನೆ ಹೋಲಿಸಬಹುದು.

2021ರ ಜನವರಿ ಮೊದಲ ವಾರದಲ್ಲಿಯೂ ಅದೇ ವರ್ಷದ ನವೆಂಬರಿನಲ್ಲಿಯೂ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳಲ್ಲಿ ಬಿದ್ದ ಅಕಾಲಿಕ ಮಳೆಯನ್ನು ಯಾವ ಬೆಳೆಗಾರನೂ ಮರೆತಿರಲಾರ. ಗಿಡದಲ್ಲಿದ್ದ ಹಣ್ಣು ಉದುರಿತು; ಕಣದಲ್ಲಿದ್ದ ಫಸಲು ನೆನೆಯಿತು. ಅಂಥ ಮಳೆಯನ್ನು ತಡೆಯುವ ಶಕ್ತಿ ನಮಗಿಲ್ಲ. ಆದರೆ ನಮ್ಮ ಅಂಗಳದ ಮೇಲಿನ ಗಾಳಿ ಈ ದಿನ ಒಣಗಿದೆಯೇ, ತೇವ ತುಂಬಿಕೊಳ್ಳುತ್ತಿದೆಯೇ ಎಂಬುದನ್ನು ಮನೆಯಲ್ಲಿ ಇರುವ ಸಾಧನಗಳಿಂದಲೇ ತಿಳಿಯಬಹುದು. ಮೋಡದ ಬುಡದ ಎತ್ತರವು ಇದನ್ನು ತಿಳಿಸುವ ಒಳ್ಳೆಯ ಗುರುತು. ಅದನ್ನು ಅಳೆಯುವ ನಾಲ್ಕು ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಮೋಡಕ್ಕೆ ಬುಡ ಏಕೆ ಇದೆ?

ಮಧ್ಯಾಹ್ನದ ಹೊತ್ತು ಬೆಟ್ಟದ ಮೇಲೆ ಏಳುವ ಬಿಳಿಯ ರಾಶಿ ಮೋಡಗಳನ್ನು ನೋಡಿರಿ. ತಲೆಯ ಭಾಗ ಹೂಕೋಸಿನಂತೆ ಉಬ್ಬಿರುತ್ತದೆ. ಬುಡ ಮಾತ್ರ ಹಲಗೆಯಂತೆ ಸಮತಟ್ಟಾಗಿರುತ್ತದೆ. ಅಕ್ಕಪಕ್ಕದ ಮೋಡಗಳ ಬುಡವೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ನೆಲದ ಬಳಿ ಕಾದ ಗಾಳಿ ಮೇಲಕ್ಕೇರುತ್ತದೆ. ಏರಿದಂತೆ ಅದರ ಮೇಲಿನ ಒತ್ತಡ ಕಡಿಮೆಯಾಗಿ, ಅದು ಹಿಗ್ಗಿ ತಣ್ಣಗಾಗುತ್ತದೆ. ಹೀಗೆ ತಣ್ಣಗಾಗುವ ಪ್ರಮಾಣ ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್. ಗಾಳಿಯಲ್ಲಿರುವ ನೀರಾವಿಯು ಹನಿಯಾಗತೊಡಗುವ ಉಷ್ಣತೆಗೆ 'ಇಬ್ಬನಿ ಬಿಂದು' ಎಂದು ಹೆಸರು. ಗಾಳಿ ಏರಿದಂತೆ ಇಬ್ಬನಿ ಬಿಂದುವೂ ಇಳಿಯುತ್ತದೆ. ಆದರೆ ನಿಧಾನವಾಗಿ, ಕಿಲೋಮೀಟರಿಗೆ ಸುಮಾರು 1.8 ಡಿಗ್ರಿಯಂತೆ. ಆದ ಕಾರಣ ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ ನಡುವಿನ ಅಂತರ ಪ್ರತಿ ಕಿಲೋಮೀಟರಿಗೆ 8 ಡಿಗ್ರಿಯಂತೆ ಕಿರಿದಾಗುತ್ತ ಹೋಗುತ್ತದೆ. ಅಂತರ ಸೊನ್ನೆಯಾದ ಮಟ್ಟದಲ್ಲಿ ಹನಿ ಕಟ್ಟುತ್ತದೆ. ಅದೇ ಮೋಡದ ಬುಡ.

ಕಿಲೋಮೀಟರಿಗೆ 8 ಡಿಗ್ರಿ ಎಂದರೆ ಒಂದು ಡಿಗ್ರಿಗೆ 125 ಮೀಟರ್. ನಾವು ನೆನಪಿಡತಕ್ಕ ಮೊದಲನೆಯ ಸೂತ್ರ ಇದು:

ಮೋಡದ ಬುಡದ ಎತ್ತರ (ಮೀಟರ್) = 125 × (ನೆರಳಿನ ಉಷ್ಣತೆ − ಇಬ್ಬನಿ ಬಿಂದು)

ಇದು ಹೊಸ ವಿದ್ಯೆಯಲ್ಲ. ಇಬ್ಬನಿ ಬಿಂದುವಿನಿಂದ ಮೋಡದ ಎತ್ತರವನ್ನು ಲೆಕ್ಕ ಹಾಕಬಹುದೆಂದು ಅಮೆರಿಕದ ಜೇಮ್ಸ್ ಎಸ್ಪಿ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ತೋರಿಸಿದ್ದರು. 1884–85ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಎಕ್‌ಹೋಮ್ ಮತ್ತು ಹಾಗ್‌ಸ್ಟ್ರೋಮ್ ಎಂಬ ಇಬ್ಬರು ವಿಜ್ಞಾನಿಗಳು ಎರಡು ಸ್ಥಳಗಳಿಂದ ಏಕಕಾಲಕ್ಕೆ ಥಿಯೋಡೊಲೈಟ್ ಹಿಡಿದು ಮೋಡಗಳ ಎತ್ತರವನ್ನು ನೇರವಾಗಿ ಅಳೆದರು. ಇಂದು ವಿಮಾನ ನಿಲ್ದಾಣಗಳಲ್ಲಿ ಸೀಲೋಮೀಟರ್ ಎಂಬ ಯಂತ್ರ ಈ ಕೆಲಸ ಮಾಡುತ್ತದೆ. ಅದು ಲೇಸರ್ ಬೆಳಕನ್ನು ಮೇಲಕ್ಕೆ ಬಿಟ್ಟು, ಅದು ಮೋಡಕ್ಕೆ ತಾಗಿ ಮರಳುವ ಕಾಲವನ್ನು ಎಣಿಸುತ್ತದೆ. 1,500 ಮೀಟರ್ ಎತ್ತರದ ಮೋಡದಿಂದ ಬೆಳಕು ಮರಳಲು ಒಂದು ಸೆಕೆಂಡಿನ ಲಕ್ಷದ ಒಂದು ಭಾಗ ಸಾಕು. ಅಂಥ ಯಂತ್ರ ನಮಗೆ ಬೇಕಿಲ್ಲ. ಎಸ್ಪಿಯವರ ಕ್ರಮವನ್ನೂ ಉಪ್ಸಾಲದ ಕ್ರಮವನ್ನೂ ನಾವು ಅಂಗಳದಲ್ಲಿಯೇ ಮಾಡಬಹುದು.

2. ಮೊದಲನೆಯ ಕ್ರಮ: ಗುಡ್ಡವೇ ಅಳತೆಗೋಲು

ಮಲೆನಾಡಿನವರಿಗೆ ಬಯಲುಸೀಮೆಯವರಿಗಿಲ್ಲದ ಒಂದು ಅನುಕೂಲವಿದೆ. ಎತ್ತರ ಗೊತ್ತಿರುವ ಗುಡ್ಡ ಕಣ್ಣೆದುರಿಗೇ ಇದೆ. ಮೋಡ ಆ ಗುಡ್ಡವನ್ನು ಎಲ್ಲಿ ಕತ್ತರಿಸಿದೆ ಎಂದು ನೋಡಿದರೆ ಬುಡದ ಎತ್ತರ ಸಿಕ್ಕಂತೆಯೇ.

ಮುಳ್ಳಯ್ಯನಗಿರಿ ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರ್, ಕುದುರೆಮುಖ ಸುಮಾರು 1,894 ಮೀಟರ್, ಕೊಡಗಿನ ತಡಿಯಂಡಮೋಳ್ ಸುಮಾರು 1,748 ಮೀಟರ್ ಎತ್ತರವಿವೆ. ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಪಟ್ಟಣದಿಂದ ನೋಡಿದಾಗ ಮುಳ್ಳಯ್ಯನಗಿರಿಯ ನೆತ್ತಿ ಮಾತ್ರ ಮುಚ್ಚಿದ್ದರೆ, ಮೋಡದ ಬುಡ ಪಟ್ಟಣದ ನೆಲದಿಂದ 840 ಮೀಟರಿಗಿಂತ ಸ್ವಲ್ಪ ಕೆಳಗಿದೆ ಎಂದಾಯಿತು.

ಪ್ರತಿಯೊಬ್ಬ ಸದಸ್ಯರೂ ತಮ್ಮ ಕಣದಲ್ಲಿ ನಿಂತು ಕಾಣುವ ಮೂರು ನಾಲ್ಕು ಗುರುತುಗಳನ್ನು ಆರಿಸಿಕೊಳ್ಳಬೇಕು: ಗುಡ್ಡದ ನೆತ್ತಿ, ನಡುವಿನ ಒಂದು ಬಂಡೆ, ಮೊಬೈಲ್ ಗೋಪುರ, ಹುಲ್ಲುಗಾವಲು ಮುಗಿದು ಶೋಲಾ ಕಾಡು ಆರಂಭವಾಗುವ ಅಂಚು. ಇವುಗಳ ಎತ್ತರವನ್ನು ಸಮೋನ್ನತಿ ರೇಖೆಗಳಿರುವ ಭೂಪಟದಿಂದ ಗುರುತು ಹಾಕಿಕೊಳ್ಳಬಹುದು.

ನಿಮ್ಮ ಕಣದ ಎತ್ತರವನ್ನು ಮೊಬೈಲ್ ತೋರಿಸುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಉಪಗ್ರಹ ಕೊಡುವ ಎತ್ತರವು ಭೂಮಿಯ ಒಂದು ಗಣಿತದ ಆಕಾರವನ್ನು ಆಧರಿಸಿದ್ದು. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರ ಮಟ್ಟವು ಆ ಆಕಾರಕ್ಕಿಂತ ಬಹಳ ಕೆಳಗಿದೆ. ಈ ವ್ಯತ್ಯಾಸವನ್ನು ಸರಿಪಡಿಸದೆ ತೋರಿಸುವ ಆ್ಯಪ್‌ಗಳು ನಮ್ಮ ಪ್ರದೇಶದಲ್ಲಿ 80ರಿಂದ 90 ಮೀಟರ್ ಕಡಿಮೆ ಎತ್ತರ ಹೇಳುತ್ತವೆ. ಪರೀಕ್ಷಿಸುವ ಸುಲಭ ಉಪಾಯವೆಂದರೆ, ಯಾವುದಾದರೂ ರೈಲು ನಿಲ್ದಾಣಕ್ಕೆ ಹೋದಾಗ ಅಲ್ಲಿನ ಹಳದಿ ಬೋರ್ಡಿನ ಮೇಲೆ ಬರೆದಿರುವ ಸಮುದ್ರ ಮಟ್ಟದ ಎತ್ತರವನ್ನು ಮೊಬೈಲಿನ ಅಂಕಿಯೊಡನೆ ಹೋಲಿಸುವುದು. ವ್ಯತ್ಯಾಸವಿದ್ದರೆ ಅಷ್ಟನ್ನು ಕೂಡಿಸಿಕೊಂಡರಾಯಿತು.

ಗಾಳಿ ಗುಡ್ಡಕ್ಕೆ ಹೊಡೆದು ಮೇಲೇರುವಾಗ ಗುಡ್ಡದ ಮೇಲೆ ಮೋಡ ಬಯಲಿಗಿಂತ ತುಸು ತಗ್ಗಿನಲ್ಲೇ ಕಟ್ಟಬಹುದು. ಅಲ್ಲದೆ ಮೋಡವು ಗುಡ್ಡಕ್ಕೆ ನಿಜವಾಗಿ ತಾಗಿದೆಯೇ, ಇಲ್ಲವೇ ನಮಗೂ ಗುಡ್ಡಕ್ಕೂ ನಡುವೆ ಇದೆಯೇ ಎಂಬುದನ್ನು ಎರಡು ನಿಮಿಷ ನಿಂತು ನೋಡಿ ನಿರ್ಧರಿಸಬೇಕು.

3. ಎರಡನೆಯ ಕ್ರಮ: ಆರ್ದ್ರತಾ ಮಾಪಕ

ಗಾಳಿಯ ಉಷ್ಣತೆ ಮತ್ತು ಆರ್ದ್ರತೆಯನ್ನು ಒಟ್ಟಿಗೆ ತೋರಿಸುವ ಅಂಗೈಯಗಲದ ಡಿಜಿಟಲ್ ಮಾಪಕಗಳು ಈಗ ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಆರ್ದ್ರತೆ ಶೇಕಡಾ 50ಕ್ಕಿಂತ ಹೆಚ್ಚಿರುವಾಗ, ಶೇಕಡಾ 100ಕ್ಕೆ ಕೊರೆಯಾದ ಪ್ರತಿ 5 ಅಂಶಕ್ಕೆ ಇಬ್ಬನಿ ಬಿಂದು ಒಂದು ಡಿಗ್ರಿ ಕೆಳಗಿರುತ್ತದೆ ಎಂದು ಸ್ಥೂಲವಾಗಿ ಹಿಡಿಯಬಹುದು. ಒಂದು ಡಿಗ್ರಿಗೆ 125 ಮೀಟರ್ ಆದ್ದರಿಂದ ಕೊರೆಯಾದ ಪ್ರತಿ ಒಂದು ಅಂಶಕ್ಕೆ 25 ಮೀಟರ್ ಆಯಿತು. ಎರಡನೆಯ ಸೂತ್ರ:

ಮೋಡದ ಬುಡದ ಎತ್ತರ (ಮೀಟರ್) = 25 × (100 − ಆರ್ದ್ರತೆ)

ಕಣದ ಗೋಡೆಗೆ ಬರೆದು ಅಂಟಿಸಿಕೊಳ್ಳಲು ಅನುಕೂಲವಾಗುವಂತೆ ಕೋಷ್ಟಕ:

ಆರ್ದ್ರತೆ ಶೇ. 95 – ಬುಡ 125 ಮೀ.
ಆರ್ದ್ರತೆ ಶೇ. 90 – ಬುಡ 250 ಮೀ.
ಆರ್ದ್ರತೆ ಶೇ. 80 – ಬುಡ 500 ಮೀ.
ಆರ್ದ್ರತೆ ಶೇ. 70 – ಬುಡ 750 ಮೀ.
ಆರ್ದ್ರತೆ ಶೇ. 60 – ಬುಡ 1,000 ಮೀ.
ಆರ್ದ್ರತೆ ಶೇ. 50 – ಬುಡ 1,250 ಮೀ.

ಇವೆಲ್ಲ ಕಣದ ನೆಲದಿಂದ ಮೇಲಕ್ಕೆ ಲೆಕ್ಕ. ಉದಾಹರಣೆಗೆ, ಸಮುದ್ರ ಮಟ್ಟದಿಂದ 800 ಮೀಟರ್ ಎತ್ತರದ ತೋಟದಲ್ಲಿ ಮಧ್ಯಾಹ್ನ 2 ಗಂಟೆಗೆ ಆರ್ದ್ರತೆ ಶೇ. 76 ಇದೆ ಎಂದಿಟ್ಟುಕೊಳ್ಳಿ. 100ಕ್ಕೆ ಕೊರೆ 24. ಬುಡ 600 ಮೀಟರ್. ಸಮುದ್ರ ಮಟ್ಟದಿಂದ 1,400 ಮೀಟರ್. ಆಗ ಕುದುರೆಮುಖದ ಮೇಲಿನ ಸುಮಾರು 500 ಮೀಟರ್ ಭಾಗ ಮೋಡದೊಳಗೆ ಇರಬೇಕು. ತಲೆಯೆತ್ತಿ ನೋಡಿದರೆ ಲೆಕ್ಕ ಸರಿಯೋ ತಪ್ಪೋ ತಿಳಿಯುತ್ತದೆ. ಹೀಗೆ ಒಂದು ಕ್ರಮವನ್ನು ಇನ್ನೊಂದರಿಂದ ಒರೆಗೆ ಹಚ್ಚಬಹುದು.

ಮಾಪಕವನ್ನು ಎಲ್ಲಿ ಇಡಬೇಕು? ಬಿಸಿಲು ತಾಗದ, ಗಾಳಿಯಾಡುವ ಕಡೆ, ಎದೆಮಟ್ಟದಲ್ಲಿ ತೂಗುಹಾಕಬೇಕು. ಕಾದ ಸಿಮೆಂಟ್ ಕಣದ ಮೇಲಾಗಲಿ, ತಗಡಿನ ಸೂರಿನ ಅಡಿಯಲ್ಲಾಗಲಿ, ಅಡಿಗೆಮನೆ ಅಥವಾ ಅಡಿಕೆ ಬೇಯಿಸುವ ಒಲೆಯ ಬಳಿಯಾಗಲಿ ಇಡಕೂಡದು.

ಉಪ್ಪಿನ ಪರೀಕ್ಷೆ: ಅಗ್ಗದ ಮಾಪಕಗಳಲ್ಲಿ ಶೇ. 5ರಷ್ಟು ದೋಷ ಸಾಮಾನ್ಯ. ಅಂದರೆ ಎತ್ತರದಲ್ಲಿ 125 ಮೀಟರ್ ವ್ಯತ್ಯಾಸ. ಇದನ್ನು ಮನೆಯಲ್ಲಿಯೇ ತಿದ್ದಬಹುದು. ಬಾಟಲಿಯ ಮುಚ್ಚಳದಲ್ಲಿ ಅಡಿಗೆ ಉಪ್ಪು ಹಾಕಿ, ಒದ್ದೆ ಮರಳಿನಂತೆ ಆಗುವಷ್ಟು ಮಾತ್ರ ನೀರು ಬೆರೆಸಿರಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಟ್ಟಿಗೆ ಮುಚ್ಚಿ ಹನ್ನೆರಡು ಗಂಟೆ ಇಡಿರಿ. ಡಬ್ಬಿಯ ಗಾಳಿಯ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 79 ತೋರಿಸಿದರೆ ಪ್ರತಿ ಸಲವೂ 4 ಕಳೆಯಬೇಕು. 72 ತೋರಿಸಿದರೆ 3 ಕೂಡಿಸಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಲೋಟದ ಪರೀಕ್ಷೆ: ಫೆಬ್ರವರಿ, ಮಾರ್ಚಿಯ ಒಣಹವೆಯಲ್ಲಿ ಆರ್ದ್ರತೆ ಶೇ. 50ಕ್ಕಿಂತ ಕೆಳಗಿಳಿದಾಗ 25ರ ಸೂತ್ರ ಹೊಂದುವುದಿಲ್ಲ. ಆಗ ಇಬ್ಬನಿ ಬಿಂದುವನ್ನೇ ನೇರವಾಗಿ ಕಂಡುಹಿಡಿಯಬೇಕು. ಹೊಳೆಯುವ ಸ್ಟೀಲ್ ಲೋಟದಲ್ಲಿ ಅರ್ಧ ನೀರು ಹಾಕಿ, ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಸೇರಿಸುತ್ತ ಕಲಕಿರಿ. ಥರ್ಮಾಮೀಟರ್ ನೀರಿನಲ್ಲೇ ಇರಲಿ. ಲೋಟದ ಹೊರಮೈ ಮಸುಕಾಗಿ ಬೆರಳಿನ ಗುರುತು ಮೂಡುವ ಕ್ಷಣದ ಉಷ್ಣತೆಯೇ ಇಬ್ಬನಿ ಬಿಂದು. ಕಲಕುವಾಗ ಲೋಟದ ಮೇಲೆ ಉಸಿರು ಬೀಳದಂತೆ ನೋಡಿಕೊಳ್ಳಿರಿ. ನೆರಳಿನ ಉಷ್ಣತೆ 32 ಡಿಗ್ರಿ, ಲೋಟ ಮಸುಕಾದದ್ದು 12 ಡಿಗ್ರಿಗೆ ಎಂದಾದರೆ ಅಂತರ 20. ಬುಡ 2,500 ಮೀಟರ್. ಏಪ್ರಿಲಿನಲ್ಲಿ ಅದೇ ಲೋಟ 22 ಡಿಗ್ರಿಗೇ ಮಸುಕಾಗಿ, ನೆರಳಿನ ಉಷ್ಣತೆ 31 ಇದ್ದರೆ, ಬುಡ 1,125 ಮೀಟರಿಗೆ ಇಳಿದಿದೆ. ಸಮುದ್ರದ ಕಡೆಯ ತೇವ ನಮ್ಮ ಘಟ್ಟವನ್ನು ಸೇರಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಈ ಎರಡು ಸೂತ್ರಗಳೂ ನಮ್ಮ ನೆಲದ ಗಾಳಿಯೇ ಏರಿ ಕಟ್ಟಿದ ಮಧ್ಯಾಹ್ನದ ರಾಶಿ ಮೋಡಕ್ಕೆ ಚೆನ್ನಾಗಿ ಹೊಂದುತ್ತವೆ. ಹಿಂಜಿದ ಹತ್ತಿಯಂತೆ ಕಾಣುವ ಸಿರಸ್ ಮೋಡಗಳು 6 ಕಿಲೋಮೀಟರಿಗೂ ಮೇಲೆ ಇರುವ ಮಂಜಿನ ಹರಳುಗಳು. ಅವಕ್ಕೂ ನಮ್ಮ ಅಂಗಳದ ಗಾಳಿಗೂ ಸಂಬಂಧವಿಲ್ಲ.

4. ಮೂರನೆಯ ಕ್ರಮ: ಎರಡು ಮೊಬೈಲ್

ಇದು ನೇರವಾದ ಅಳತೆ. ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಸರಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಹೆಚ್ಚು ಸರಿಯುತ್ತದೆ. ಎರಡು ಕಣ್ಣುಗಳ ಬದಲು ಎರಡು ಮೊಬೈಲ್, ಬೆರಳಿನ ಬದಲು ಮೋಡ ಎಂದು ತಿಳಿದರೆ ಆಯಿತು.

ಒಂದೇ ಮಾದರಿಯ ಎರಡು ಮೊಬೈಲ್ ಬೇಕು. ನೆರೆಹೊರೆಯ ಇಬ್ಬರು ಬೆಳೆಗಾರರು ಸೇರಿದರೆ ಅಥವಾ ಮನೆಯ ಮಕ್ಕಳನ್ನು ಕೂಡಿಸಿಕೊಂಡರೆ ಇದು ಕಷ್ಟವಲ್ಲ. ಕ್ರಮ ಹೀಗಿದೆ:

(ಅ) ಕ್ಯಾಮೆರಾದ ಅಂಶ ಕಂಡುಕೊಳ್ಳುವುದು. ಗೋಡೆಯಿಂದ ಸರಿಯಾಗಿ 1 ಮೀಟರ್ ದೂರದಲ್ಲಿ ಮೊಬೈಲನ್ನು ನೆಟ್ಟಗೆ ಹಿಡಿದು, ಗೋಡೆಗೆ ಅಂಟಿಸಿದ ಅಳತೆ ಟೇಪಿನ ಚಿತ್ರವನ್ನು ಪರದೆಯ ಮೇಲಿರುವ ಕ್ಯಾಮೆರಾದಿಂದ ತೆಗೆಯಿರಿ. ಚಿತ್ರದ ಉದ್ದದಲ್ಲಿ 120 ಸೆಂಟಿಮೀಟರ್ ಕಂಡರೆ ಅಂಶ 1.2. ಇದನ್ನು ಒಮ್ಮೆ ಕಂಡುಕೊಂಡರೆ ಸಾಕು.

(ಆ) ದೂರ ಅಳೆಯುವುದು. ಆಕಾಶ ತೆರೆದಿರುವ ಎರಡು ಸ್ಥಳಗಳನ್ನು ಆರಿಸಿ, ನಡುವಿನ ದೂರವನ್ನು ಟೇಪಿನಿಂದ ಅಥವಾ ಮೊಬೈಲಿನ ಭೂಪಟದಿಂದ ಅಳೆಯಿರಿ. 150ರಿಂದ 300 ಮೀಟರ್ ಇರಲಿ.

(ಇ) ಮೊಬೈಲ್ ಇಡುವುದು. ಮಟ್ಟಗೋಲಿನಿಂದ ನೋಡಿ ಸಮ ಮಾಡಿದ ಹಲಗೆಯ ಮೇಲೆ, ಪರದೆ ಆಕಾಶದ ಕಡೆಗೆ ಇರುವಂತೆ ಮಲಗಿಸಿರಿ. ಎರಡೂ ಮೊಬೈಲಿನ ಉದ್ದದ ಬದಿ ಎರಡು ಸ್ಥಳಗಳನ್ನು ಸೇರಿಸುವ ಗೆರೆಯ ದಿಕ್ಕಿನಲ್ಲಿಯೂ, ತಲೆಯ ಭಾಗ ಒಂದೇ ಕಡೆಗೂ ಇರಬೇಕು.

(ಈ) ಚಿತ್ರ ತೆಗೆಯುವುದು. ಬೇರೆ ಫೋನಿನಲ್ಲಿ ಮಾತನಾಡುತ್ತ ಮೂರು, ಎರಡು, ಒಂದು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಒತ್ತಬೇಕು. ಇಬ್ಬರೂ ಒಂದೇ ಅವಧಿಯ ಟೈಮರ್ ಇಟ್ಟುಕೊಂಡರೆ ಕೈಯ ಅಲುಗಾಟ ತಪ್ಪುತ್ತದೆ.

(ಉ) ಲೆಕ್ಕ. ಎರಡೂ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಪರದೆಯ ಮೇಲೆ ತೆರೆದು, ಮೋಡದ ಒಂದು ಸ್ಪಷ್ಟವಾದ ಮೂಲೆ ಚಿತ್ರದ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂದು ಸ್ಕೇಲಿನಿಂದ ಅಳೆಯಿರಿ. ಎರಡರ ವ್ಯತ್ಯಾಸವೇ ಸರಿತ.

ಎತ್ತರ = (ಸ್ಥಳಗಳ ನಡುವಿನ ದೂರ × ಚಿತ್ರದ ಉದ್ದ) ÷ (ಅಂಶ × ಸರಿತ)

ಸ್ಥಳಗಳ ದೂರ 200 ಮೀಟರ್, ಚಿತ್ರದ ಉದ್ದ 15 ಸೆಂ.ಮೀ., ಅಂಶ 1.2, ಸರಿತ 2 ಸೆಂ.ಮೀ. ಆದರೆ, 200 × 15 = 3,000; ಇದನ್ನು 2.4ರಿಂದ ಭಾಗಿಸಿದರೆ 1,250 ಮೀಟರ್.

ತಪ್ಪು ನುಸುಳುವುದು ಎರಡು ಕಡೆ. ಹಲಗೆ ಒಂದೇ ಒಂದು ಡಿಗ್ರಿ ವಾಲಿದರೂ ಮೇಲಿನ ಉದಾಹರಣೆಯಲ್ಲಿ ನೂರರಲ್ಲಿ ಹತ್ತರಷ್ಟು ತಪ್ಪಾಗುತ್ತದೆ. ಎರಡನೆಯದು, ಒಟ್ಟಿಗೆ ಒತ್ತದಿರುವುದು. ಮೋಡ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. 5 ಸೆಕೆಂಡ್ ಹೆಚ್ಚುಕಡಿಮೆಯಾದರೆ ಎತ್ತರದಲ್ಲಿ ಕಾಲು ಭಾಗದಷ್ಟು ತಪ್ಪು ಬರಬಹುದು. ಆದ್ದರಿಂದ ಐದು ಸಲ ಅಳೆದು ಸರಾಸರಿ ತೆಗೆಯುವುದು ಉತ್ತಮ. ಸೂರ್ಯ ನೆತ್ತಿಯ ಮೇಲಿರುವಾಗ ಈ ಕೆಲಸ ಬೇಡ; ಕ್ಯಾಮೆರಾಕ್ಕೂ ಕಣ್ಣಿಗೂ ಹಾನಿ.

5. ನಾಲ್ಕನೆಯ ಕ್ರಮ: ದೂರದಿಂದ ಉಷ್ಣತೆ ಅಳೆಯುವ ಥರ್ಮಾಮೀಟರ್

ಮೋಟಾರು, ಡ್ರೈಯರ್‌ಗಳ ಉಷ್ಣತೆ ನೋಡಲು ಬಳಸುವ ಪಿಸ್ತೂಲಿನಾಕಾರದ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಮೋಡದ ಬುಡಕ್ಕೆ ನೇರವಾಗಿ ಗುರಿ ಹಿಡಿದರೆ ಅದು ಬುಡದ ಉಷ್ಣತೆಯನ್ನು ಸುಮಾರಾಗಿ ತೋರಿಸುತ್ತದೆ. ನೆರಳಿನ ಉಷ್ಣತೆಯಿಂದ ಅದನ್ನು ಕಳೆದು 100ರಿಂದ ಗುಣಿಸಿದರೆ ಎತ್ತರ ಸಿಗುತ್ತದೆ. ನೆರಳಿನಲ್ಲಿ 27 ಡಿಗ್ರಿ, ಮೋಡ 17 ಡಿಗ್ರಿ ಆದರೆ 1,000 ಮೀಟರ್. ನಡುವಿನ ತೇವದ ಗಾಳಿಯೂ ಶಾಖ ಸೂಸುವುದರಿಂದ ಉಪಕರಣ ಮೋಡವನ್ನು ನಿಜಕ್ಕಿಂತ ಬೆಚ್ಚಗೆ ತೋರಿಸುತ್ತದೆ; ಹೀಗಾಗಿ ನಿಜವಾದ ಎತ್ತರ ಲೆಕ್ಕಕ್ಕಿಂತ ಹೆಚ್ಚೇ ಇರುತ್ತದೆ. ಮೋಡ ದಟ್ಟವಾಗಿದ್ದು ನೆತ್ತಿಯ ಮೇಲಿದ್ದರೆ ಮಾತ್ರ ಈ ಕ್ರಮ ಉಪಯುಕ್ತ. 2020ರ ಕೊರೋನಾ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ಇದಕ್ಕೆ ಆಗದು. ಅದು ಮೈಯ ಉಷ್ಣತೆಯ ಆಸುಪಾಸನ್ನು ಮಾತ್ರ ಓದುತ್ತದೆ. ಈ ಕ್ರಮದ ಮುಖ್ಯ ಪ್ರಯೋಜನ ರಾತ್ರಿಯಲ್ಲಿ. ಕಣ್ಣಿಗೆ ಕಾಣದಿದ್ದರೂ ನೆತ್ತಿಯ ಮೇಲೆ ತಗ್ಗು ಮೋಡ ಬಂದಿದೆಯೇ, ಆಕಾಶ ತಿಳಿಯಾಗಿದೆಯೇ ಎಂಬುದು ತಕ್ಷಣ ಗೊತ್ತಾಗುತ್ತದೆ. ತಿಳಿಯಾದ ಆಕಾಶ ಮೋಡಕ್ಕಿಂತ ಬಹಳ ತಣ್ಣಗೆ ತೋರುತ್ತದೆ.

6. ಅಳೆದು ಮಾಡುವುದೇನು?

ಎರಡನೆಯ ಸೂತ್ರವನ್ನು ಮತ್ತೊಮ್ಮೆ ನೋಡಿರಿ. ಅದರಲ್ಲಿರುವ '100 − ಆರ್ದ್ರತೆ' ಎಂಬುದು ಗಾಳಿ ಇನ್ನೆಷ್ಟು ನೀರನ್ನು ಹೀರಬಲ್ಲದು ಎಂಬುದರ ಲೆಕ್ಕ. ಮೋಡವನ್ನು ಎತ್ತರದಲ್ಲಿ ನಿಲ್ಲಿಸುವುದೂ ಅದೇ, ನಮ್ಮ ಕಣದ ಕಾಫಿಯನ್ನೂ ಅಂಗಳದ ಅಡಿಕೆಯನ್ನೂ ಒಣಗಿಸುವುದೂ ಅದೇ. ಈ ಲೇಖನದ ಮುಖ್ಯಾಂಶ ಇಷ್ಟೇ: ಮೋಡದ ಬುಡ ಮೇಲೇರಿದ ದಿನ ಫಸಲು ಒಣಗುವ ದಿನ; ಬುಡ ಇಳಿದ ದಿನ ಫಸಲು ಒಣಗದ ದಿನ, ಮಳೆ ಬಂದರೂ ಸರಿ, ಬಾರದಿದ್ದರೂ ಸರಿ.

ಕಾಫಿ: ಬಿಸಿಲಿಲ್ಲದೆ ಆರ್ದ್ರತೆ ಶೇ. 80 ಇರುವ ಗಾಳಿಯಲ್ಲಿ ಎಷ್ಟು ದಿನ ಹರಡಿದರೂ ಪಾರ್ಚ್‌ಮೆಂಟ್ ಬೇಕಾದ ಹದಕ್ಕೆ ಬರುವುದಿಲ್ಲ; ಬದಲಾಗಿ ಒಣಗಿದ್ದು ಮತ್ತೆ ತೇವ ಎಳೆದುಕೊಳ್ಳುತ್ತದೆ. ಸ್ವಾತಿ ಮಳೆ ಮುಗಿದ ಮೇಲೆ ಒಳ್ಳೆಯ ದಿನವೊಂದರಲ್ಲಿ ಬೆಳಿಗ್ಗೆ 8ಕ್ಕೆ ಕಾವಳ ನೆಲದ ಮೇಲೇ ಇರುತ್ತದೆ. 11ರ ಹೊತ್ತಿಗೆ ಆರ್ದ್ರತೆ ಶೇ. 75ಕ್ಕೂ, 2ರ ಹೊತ್ತಿಗೆ ಶೇ. 60ಕ್ಕೂ ಇಳಿದರೆ ಬುಡ ಸೊನ್ನೆಯಿಂದ 625, ಆಮೇಲೆ 1,000 ಮೀಟರಿಗೆ ಏರಿದಂತಾಯಿತು. 11 ಗಂಟೆಯಾದರೂ ಬುಡ 300 ಮೀಟರ್ ದಾಟದಿದ್ದರೆ ಆ ದಿನವನ್ನು ಒಣಗಿಸುವ ಲೆಕ್ಕದಿಂದ ಬಿಡಬಹುದು. ಅರೆ ಒಣಗಿದ ಕಾಫಿಯನ್ನು ಬೇಗ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಹಸಿ ಪಾರ್ಚ್‌ಮೆಂಟನ್ನು ಮಾತ್ರ ಗುಡ್ಡೆ ಹಾಕಕೂಡದು. ಸೂರಿನಡಿ ತೆಳ್ಳಗೆ ಹರಡಿ ಆಗಾಗ ಕೆದಕುತ್ತಿರಬೇಕು. ಮರುದಿನದ ಹಣ್ಣು ಕೊಯ್ಲಿಗೆ ಎಷ್ಟು ಆಳು ಕರೆಯಬೇಕು ಎಂಬ ತೀರ್ಮಾನಕ್ಕೂ ಈ ಅಂಕಿ ನೆರವಾಗುತ್ತದೆ. ಕಣದಲ್ಲಿ ಜಾಗ ತೆರವಾಗದೆ ಹಣ್ಣು ತಂದು ಪ್ರಯೋಜನವಿಲ್ಲ.

ಅಡಿಕೆ: ಚಾಲಿ ಅಡಿಕೆಗೆ ಸುಮಾರು 40 ದಿನದ ಬಿಸಿಲು ಬೇಕು. ದಿನದ ಎಣಿಕೆ ಮಾತ್ರ ಇಟ್ಟುಕೊಳ್ಳುವ ಬದಲು ಬುಡ 750 ಮೀಟರಿಗಿಂತ ಮೇಲಿದ್ದ ದಿನಗಳನ್ನು ಬೇರೆ ಎಣಿಸಿದರೆ ಒಳಗಿನ ತೇವ ಆರಿದ್ದು ಎಷ್ಟು ಎಂಬ ಅಂದಾಜು ಹೆಚ್ಚು ಸರಿಯಾಗುತ್ತದೆ.

ಕೊಳೆ ರೋಗದ ಔಷಧಿ: ಮಳೆ ಹೊಳವಾದ ಕೂಡಲೇ ಬೋರ್ಡೋ ದ್ರಾವಣ ಹೊಡೆಯಲು ಎಲ್ಲರೂ ಧಾವಿಸುತ್ತೇವೆ. ದ್ರಾವಣ ಗೊನೆಯ ಮೇಲೆ ಕೂತು ಒಣಗಬೇಕು. ಹೊಳವಾಗಿದ್ದರೂ ಮೋಡ ತೋಟದ ತಲೆಗೇ ತಾಗುವಂತಿದ್ದರೆ ಗೊನೆ ಆರಲು ಬಹಳ ಹೊತ್ತು ಹಿಡಿಯುತ್ತದೆ. ಬುಡ ಏರುತ್ತಿರುವ ಹೊಳವಿಗೂ, ತಗ್ಗಿನಲ್ಲೇ ನಿಂತ ಹೊಳವಿಗೂ ಇರುವ ವ್ಯತ್ಯಾಸವನ್ನು ಗಮನಿಸಿ ಕೆಲಸ ಹಚ್ಚಬೇಕು.

ಹೂ ಮಳೆ: ಮಾರ್ಚಿಯಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವುದೋ, ಮಳೆಗೆ ಕಾಯುವುದೋ ಎಂಬ ಪ್ರಶ್ನೆಯಲ್ಲಿ ಒಂದು ದಿನದ ಅಳತೆ ಉತ್ತರ ಕೊಡದು. ಆದರೆ ದಿನವೂ ಮಧ್ಯಾಹ್ನ 2 ಗಂಟೆಗೆ ತೆಗೆದ ಅಂಕಿ ವಾರದಲ್ಲಿ 2,500ರಿಂದ 1,800ಕ್ಕೆ, ಅಲ್ಲಿಂದ 1,200ಕ್ಕೆ ಇಳಿದರೆ ತೇವ ಸೇರುತ್ತಿದೆ ಎಂದು ತಿಳಿಯಬಹುದು.

7. ಈ ಅಳತೆ ಹೇಳದ ಮಾತು

ಬುಡ ತಗ್ಗಿನಲ್ಲಿದ್ದ ಮಾತ್ರಕ್ಕೆ ಮಳೆ ಖಂಡಿತವೆಂದು ಭಾವಿಸಬಾರದು. ಮಳೆ ಸುರಿಸುವುದು ಮೋಡದ ದಪ್ಪ. ಏಪ್ರಿಲ್, ಮೇ ತಿಂಗಳ ಗುಡುಗು ಮೋಡದ ಬುಡ ಸಾವಿರ ಮೀಟರಿಗಿಂತ ಮೇಲಿದ್ದರೂ ತಲೆ 12 ಕಿಲೋಮೀಟರ್ ದಾಟಿರಬಹುದು. ಅದು ಅರ್ಧ ಗಂಟೆಯಲ್ಲಿ ಕಣ ತೊಳೆದು ಹೋಗುತ್ತದೆ. ಆದುದರಿಂದ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡುವುದನ್ನು ಬಿಡಕೂಡದು. ಮುನ್ಸೂಚನೆ ಜಿಲ್ಲೆಗೆ ಅನ್ವಯಿಸುತ್ತದೆ. ನಮ್ಮ ಅಳತೆ ನಮ್ಮ ಕಣಕ್ಕೆ ಅನ್ವಯಿಸುತ್ತದೆ. ಎರಡನ್ನೂ ಜೊತೆಯಾಗಿ ನೋಡಬೇಕು.

8. ಎಚ್ಚರಿಕೆ

ಮೋಡ ಅಳೆಯುವ ಉತ್ಸಾಹದಲ್ಲಿ ಸಿಡಿಲನ್ನು ಮರೆಯಬಾರದು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಮಿಂಚಿನ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಎಲ್ಲ ಕೆಲಸ ನಿಲ್ಲಿಸಿ ಕಟ್ಟಡದೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಕಾರ್ಬನ್ ಫೈಬರ್ ದೋಟಿಯೂ ಅಲ್ಯೂಮಿನಿಯಂ ಏಣಿಯಂತೆಯೇ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದನ್ನು ಗೊನೆ ತೆಗೆಯುವವರಿಗೂ ಔಷಧಿ ಹೊಡೆಯುವವರಿಗೂ ಮತ್ತೆ ಮತ್ತೆ ಹೇಳಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಸಿಡಿಲಿನ ಸೂಚನೆ ಕೊಡುತ್ತದೆ. ಕೆಲಸದವರ ಮೊಬೈಲಿನಲ್ಲೂ ಅದನ್ನು ಹಾಕಿಸುವುದು ಒಳಿತು.

ಮೋಡಕ್ಕೆ ಲೇಸರ್ ಪೆನ್ನಿನ ಬೆಳಕು ಬಿಡುವ ಪ್ರಯತ್ನ ಯಾರೂ ಮಾಡಕೂಡದು. ವಿಮಾನ ಚಾಲಕರ ಕಣ್ಣು ಕುಕ್ಕುವ ಅಪಾಯವಿದೆ.

9. ದಾಖಲೆ ಪುಸ್ತಕ

ಮಳೆಯ ಲೆಕ್ಕ ಬರೆಯುವ ರೂಢಿ ನಮ್ಮ ತೋಟಗಳಲ್ಲಿ ಬಹಳ ಹಿಂದಿನದು. ಅದೇ ಪುಸ್ತಕದಲ್ಲಿ ನಾಲ್ಕು ಅಂಕಣ ಹೆಚ್ಚಿಗೆ ಗೆರೆ ಎಳೆದರೆ ಸಾಕು: ಮಧ್ಯಾಹ್ನ 2 ಗಂಟೆಯ ನೆರಳಿನ ಉಷ್ಣತೆ, ಆರ್ದ್ರತೆ, ಲೆಕ್ಕದ ಬುಡ, ಗುಡ್ಡದಲ್ಲಿ ಕಂಡ ಬುಡ. ದಿನಕ್ಕೆ ಎರಡು ನಿಮಿಷದ ಕೆಲಸ. ಒಂದು ವರ್ಷ ಬರೆದರೆ ನಿಮ್ಮ ತೋಟಕ್ಕೆ ಸೂತ್ರ ಎಷ್ಟು ಹೊಂದುತ್ತದೆ, ಎಷ್ಟು ಕೂಡಿಸಬೇಕು, ಕಳೆಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಮೇಲೆ ಹೇಳಿದ 300 ಮೀಟರ್, 750 ಮೀಟರ್ ಎಂಬ ಅಂಕಿಗಳು ಆರಂಭಕ್ಕೆ ಮಾತ್ರ. ನಿಮ್ಮ ಪುಸ್ತಕವೇ ಅವನ್ನು ತಿದ್ದಬೇಕು. ತಗ್ಗಿನ ಅಡಿಕೆ ತೋಟಕ್ಕೂ ಏರಿನ ಕಾಫಿ ತೋಟಕ್ಕೂ ಅಂಕಿ ಒಂದೇ ಆಗಿರಲಾರದು.

10. ಅಭ್ಯಾಸ

(1) 900 ಮೀಟರ್ ಎತ್ತರದ ಕಣದಲ್ಲಿ ಆರ್ದ್ರತೆ ಶೇ. 72. ಬುಡ ಎಲ್ಲಿದೆ? ಮುಳ್ಳಯ್ಯನಗಿರಿಯ ಎಷ್ಟು ಭಾಗ ಮುಚ್ಚಿರಬೇಕು?
(2) ನೆರಳಿನ ಉಷ್ಣತೆ 30 ಡಿಗ್ರಿ. ಲೋಟ 18 ಡಿಗ್ರಿಗೆ ಮಸುಕಾಯಿತು. ಬುಡ ಎಷ್ಟು?
(3) ಎರಡು ಮೊಬೈಲುಗಳ ದೂರ 150 ಮೀಟರ್, ಅಂಶ 1.2, ಚಿತ್ರದ ಉದ್ದ 15 ಸೆಂ.ಮೀ., ಸರಿತ 2.5 ಸೆಂ.ಮೀ. ಎತ್ತರ ಎಷ್ಟು?
(4) ಮಿಂಚಿನಿಂದ ಗುಡುಗಿಗೆ 12 ಸೆಕೆಂಡ್. ದೂರ ಎಷ್ಟು? ಏನು ಮಾಡಬೇಕು?

ಉತ್ತರಗಳು: (1) ಕಣದಿಂದ 700 ಮೀ., ಸಮುದ್ರ ಮಟ್ಟದಿಂದ 1,600 ಮೀ.; ಗಿರಿಯ ಮೇಲಿನ ಸುಮಾರು 330 ಮೀ. ಮುಚ್ಚಿರಬೇಕು. (2) 1,500 ಮೀ. (3) 750 ಮೀ. (4) 4 ಕಿ.ಮೀ.; ದೋಟಿ ಕೆಳಗಿಟ್ಟು ಒಳಗೆ ನಡೆಯಬೇಕು.

ಶಾಲೆ, ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಮೂರನೆಯ ಕ್ರಮವನ್ನು ಅವರಿಗೇ ಒಪ್ಪಿಸಿರಿ. ಲೆಕ್ಕದಲ್ಲಿ ಅವರು ನಮಗಿಂತ ಚುರುಕು. ಈ ಹಂಗಾಮಿನಲ್ಲಿ ದಾಖಲೆ ಬರೆದ ಸದಸ್ಯರು ಪುಸ್ತಕವನ್ನು ಸಂಘದ ಕಚೇರಿಗೆ ತಂದು ತೋರಿಸಿದರೆ, ಬೇರೆ ಬೇರೆ ಎತ್ತರದ ತೋಟಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಎಲ್ಲರಿಗೂ ಅನುಕೂಲವಾಗುತ್ತದೆ.

– ಕಾರ್ಯದರ್ಶಿ